ಅಜ್ಜನ ಟ್ರಂಕಿನ ಮೂರು ಇಂಕ್ ಪೆನ್ನು: ಬಿಸಿನೀರಿಗೆ ಹಾಕುವ ಮುಂಚೆ ಇಷ್ಟು ತಿಳಿದಿರಲಿ

ಪ್ರಶ್ನೆ: ನಮಸ್ಕಾರ ಸರ್. ನಾನು ದಾವಣಗೆರೆಯವಳು, ಇಲ್ಲೇ ಹೈಸ್ಕೂಲಿನಲ್ಲಿ ಟೀಚರ್. ನಮ್ಮಜ್ಜ ಹತ್ತಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಕಿರ್ದಿ, ಖತಾವಣಿ ಎಲ್ಲ ಅವರದೇ ಕೈಬರಹ. ಹೋದ ವರ್ಷ ಅಪ್ಪಾಜಿ ತೀರಿಕೊಂಡ ಮೇಲೆ ಅಟ್ಟದ ಟ್ರಂಕು ಇಳಿಸಿದೆವು. ಹಳೇ ಪತ್ರ, ಶಲ್ಯ, ನುಸಿಗುಳಿಗೆಗಳ ಮಧ್ಯೆ ಮೂರು ಇಂಕ್ ಪೆನ್ನು ಸಿಕ್ಕವು. ಒಂದು ಸ್ಟೀಲ್ ಕ್ಯಾಪಿನ ಪಾರ್ಕರ್. ಮೈ ಕಡುಗೆಂಪು, ನಿಬ್ಬಿನ ತುದಿ ಮಾತ್ರ ಹೊರಗೆ ಕಾಣುತ್ತೆ. ಇದು ಅಪ್ಪಾಜಿಯದು. ಇನ್ನೊಂದು ಹೆಬ್ಬೆರಳಿನಷ್ಟು ದಪ್ಪ, ಕಪ್ಪಗಿದ್ದದ್ದು ಈಗ ಹಸಿರು ಮಿಶ್ರಿತ ಕಂದು. ಮೈಮೇಲೆ ಇಂಗ್ಲಿಷಿನಲ್ಲಿ ರಾಜಮಂಡ್ರಿ ಅಂತ ಮಾಸಿದ ಅಕ್ಷರ. ಕ್ಯಾಪು ಬರುತ್ತೆ, ಆದರೆ ಇಂಕು ತುಂಬುವ ಕಡೆ ಬಿಚ್ಚಲ್ಲ. ಅಜ್ಜ ಲೆಕ್ಕ ಬರೆಯುತ್ತಿದ್ದದ್ದು ಇದರಲ್ಲೇ ಅಂತ ಅಮ್ಮ ಹೇಳ್ತಾರೆ. ಮೂರನೆಯದು ಹಸಿರು ಪಟ್ಟೆಯದು. ಪಕ್ಕದಲ್ಲಿ ಎತ್ತುವಂಥ ಸಣ್ಣ ಕಡ್ಡಿ ಇದೆ, ಅಲ್ಲಾಡಿಸಿದರೆ ಒಳಗೆ ಏನೋ ಚೂರುಗಳ ಸದ್ದು.

ಸ್ಟೇಷನರಿ ಅಂಗಡಿಯವರು ಇದಕ್ಕೆಲ್ಲ ಸಾಮಾನು ಸಿಗಲ್ಲ, ಬಿಸಾಕಿ ಅಂದರು. ಬಂಗಾರದ ಅಂಗಡಿಯಲ್ಲಿ ನಿಬ್ಬು ಚಿನ್ನದ್ದು, ತೂಕಕ್ಕೆ ತಗೋತೀವಿ ಅಂದರು. ನನ್ನ ತಮ್ಮ ಯಾವುದೋ ವಿಡಿಯೊ ನೋಡಿ ಬಿಸಿನೀರಿಗೆ ವಿನೆಗರ್ ಹಾಕಿ ರಾತ್ರಿಯೆಲ್ಲ ನೆನೆಸಿಡು ಅಂತಾನೆ. ಪಾರ್ಕರ್ ಲಕ್ಷಕ್ಕೆ ಹೋಗುತ್ತೆ, ಮಾರೋಣ ಅಂತಲೂ ಅವನದೇ ಮಾತು. ಒಬ್ಬರ ನಿಬ್ಬಿನಲ್ಲಿ ಇನ್ನೊಬ್ಬರು ಬರೆದರೆ ಕೆಟ್ಟುಹೋಗುತ್ತೆ ಅಂತ ಅಪ್ಪಾಜಿ ನಮಗೆ ಮುಟ್ಟಗೊಡುತ್ತಿರಲಿಲ್ಲ. ನನಗೆ ಮಾರೋದು ಬೇಡ. ಒಂದರಲ್ಲಾದರೂ ಬರೀಬೇಕು ಅಂತ ಆಸೆ. ಮನೆಯಲ್ಲಿ ಏನು ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅಂಜಿಕೆ ಒಂದೇ. ಸರಿಮಾಡಲು ಹೋಗಿ ಇದ್ದದ್ದನ್ನೂ ಕೆಡಿಸಿಬಿಟ್ಟರೆ ಏನು ಗತಿ ಅಂತ. ಆ ಅಂಜಿಕೆ ನ್ಯಾಯವಾದದ್ದು. ಚಿತ್ರದುರ್ಗದ ನನ್ನ ಮೇಜಿಗೆ ಬರುವ ಹಳೇ ಪೆನ್ನುಗಳಲ್ಲಿ ಇನ್ನು ಆಗದು ಎಂದು ಕೈಚೆಲ್ಲಬೇಕಾದವು ಸಾಮಾನ್ಯವಾಗಿ ವಯಸ್ಸಾಗಿ ಕೆಟ್ಟವಲ್ಲ. ಯಾರೋ ಪ್ರೀತಿಯಿಂದಲೇ ಅವಸರಪಟ್ಟು ಕುದಿನೀರು ಸುರಿದವು, ಇಕ್ಕಳ ಹಾಕಿ ತಿರುಚಿದವು, ಬಿರುಕಿಗೆ ಫೆವಿಕ್ವಿಕ್ ತುಂಬಿದವು. ಒಣಗಿದ ಇಂಕು ಅಷ್ಟು ದೊಡ್ಡ ಕಾಯಿಲೆಯಲ್ಲ. ಆ ಕಾಲದ ಮಾಮೂಲಿ ನೀಲಿ, ಕಪ್ಪು ಇಂಕು ನೀರಿನಲ್ಲಿ ಕರಗುವ ಬಣ್ಣ. ಎಷ್ಟು ವರ್ಷ ಒಣಗಿ ಕೂತಿದ್ದರೂ ತಣ್ಣೀರಿಗೆ ಬಿಟ್ಟುಕೊಡುತ್ತದೆ, ಸ್ವಲ್ಪ ದಿನ ಹಿಡಿಯುತ್ತದೆ ಅಷ್ಟೆ. ಆದ್ದರಿಂದ ಬಿಸಿನೀರು, ವಿನೆಗರ್ ಎರಡನ್ನೂ ಇವತ್ತೇ ಪಕ್ಕಕ್ಕಿಡಿ. ವಿನೆಗರ್ ಹುಳಿ. ಉಕ್ಕಿನ ನಿಬ್ಬು, ಒಳಗಿನ ಪಟ್ಟಿ, ಕ್ಲಿಪ್ಪಿನ ತೆಳು ಲೇಪ ಎಲ್ಲವನ್ನೂ ತಿನ್ನುತ್ತದೆ. ಬಿಸಿನೀರು ಏನು ಮಾಡುತ್ತದೆ ಎಂಬುದು ಪೆನ್ನು ಯಾವ ವಸ್ತುವಿನದು ಎಂಬುದರ ಮೇಲೆ ನಿಂತಿದೆ. ನಿಮ್ಮ ಟ್ರಂಕಿನಲ್ಲಿ ಸಿಕ್ಕಿರುವುದು, ನೀವು ಬರೆದ ವಿವರದ ಪ್ರಕಾರ, ಮೂರು ಬೇರೆ ಬೇರೆ ವಸ್ತುವಿನ ಮೂರು ಪೆನ್ನು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ.

ಹಾಗಾಗಿ ಮೊದಲ ಕೆಲಸ ಗುರುತು ಹಿಡಿಯುವುದು. ಇದಕ್ಕೆ ಯಾವ ಯಂತ್ರವೂ ಬೇಡ. ಅಕ್ಷರ ಕೊರೆದ ಜಾಗ ಬಿಟ್ಟು ಬೇರೆ ಕಡೆ ಪೆನ್ನಿನ ಮೈಯನ್ನು ಹೆಬ್ಬೆರಳಿನಿಂದ ಒಂದೇ ಜಾಗದಲ್ಲಿ ಬಿಸಿಯಾಗುವ ತನಕ ಜೋರಾಗಿ ಉಜ್ಜಿ, ತಕ್ಷಣ ಮೂಗಿಗೆ ಹಿಡಿಯಿರಿ. ದಪ್ಪ ಪೆನ್ನಿನಲ್ಲಿ ಗಂಧಕದ ವಾಸನೆ, ಪಟಾಕಿ ಹೊಡೆದ ಮೇಲೆ ಬೀದಿಯಲ್ಲಿ ನಿಲ್ಲುತ್ತದಲ್ಲ ಅಂಥದ್ದು, ಬಂದರೆ ಅದು ಎಬೊನೈಟ್, ಅಂದರೆ ಗಟ್ಟಿ ರಬ್ಬರು. ಹಸಿರು ಪಟ್ಟೆಯದರಲ್ಲಿ ಮಂಗಳಾರತಿ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್, ಹಳೇ ಕಾಲದ ಒಂದು ಬಗೆಯ ಪ್ಲಾಸ್ಟಿಕ್. ಸೆಲ್ಯುಲಾಯ್ಡನ್ನು ಮೆದುಗೊಳಿಸಲು ಅದರೊಳಗೆ ನಿಜವಾಗಿಯೂ ಕರ್ಪೂರ ಸೇರಿಸುತ್ತಿದ್ದರು. ಎಪ್ಪತ್ತು ಎಂಬತ್ತು ವರ್ಷದ ಪೆನ್ನುಗಳಲ್ಲೂ ಆ ವಾಸನೆ ಉಳಿದಿರುವುದನ್ನು ನಾನು ಮೂಸಿದ್ದೇನೆ. ಪಟ್ಟೆ ಪೆನ್ನಿನಲ್ಲಿ ಕರ್ಪೂರದ ಸುಳಿವೇ ಇಲ್ಲದಿದ್ದರೆ ಅದನ್ನು ನೀರಿನ ಹತ್ತಿರವೂ ಒಯ್ಯಬೇಡಿ. ಹಾಲಿನ ಕೇಸಿನ್‌ನಿಂದ ಮಾಡಿದ ಬಣ್ಣಬಣ್ಣದ ಪೆನ್ನುಗಳು ಇಂಗ್ಲೆಂಡಿನಿಂದ ಬರುತ್ತಿದ್ದವು. ಅವು ನೀರು ಕುಡಿದು ಉಬ್ಬಿ ಬಿರಿಯುತ್ತವೆ.

ಎರಡನೆಯ ಕೆಲಸ ಫೋಟೊ. ಮೂರನ್ನೂ ಎಲ್ಲ ಮಗ್ಗುಲಿಂದ, ನಿಬ್ಬನ್ನು ಹತ್ತಿರದಿಂದ. ಯಾವುದು ಯಾರದು, ಯಾವ ಕಾಲದ್ದು ಎಂದು ಅಮ್ಮನನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಅಮ್ಮನಿಗೆ ನೆನಪಿರುವಾಗಲೇ ಮಾಡಿಬಿಡಿ.

ಮೂರನೆಯ ಕೆಲಸವನ್ನು ಕೇಳಿದರೆ ನಿಮಗೆ ಸಂತೋಷವಾಗುತ್ತದೆ. ಪೆನ್ನು ಬಿಚ್ಚದೆ, ದುರಸ್ತಿ ಮಾಡದೆ, ಅಜ್ಜನ ನಿಬ್ಬಿನಲ್ಲಿ ನೀವು ಇವತ್ತೇ ಬರೆಯಬಹುದು. ಸಣ್ಣ ಬಟ್ಟಲಿಗೆ ನಾಲ್ಕು ಹನಿ ರಾಯಲ್ ಬ್ಲೂ ಇಂಕು ಹಾಕಿ, ನಿಬ್ಬಿನ ತುದಿಯನ್ನಷ್ಟೇ ಅದ್ದಿ, ಒತ್ತದೆ ಒಂದು ಸಾಲು ಬರೆಯಿರಿ. ನಾಲ್ಕೈದು ಪದ ಬರುತ್ತದೆ, ಆಮೇಲೆ ಮತ್ತೆ ಅದ್ದಬೇಕು. ನನ್ನ ಹತ್ತಿರ ಬರುವ ಪ್ರತಿಯೊಂದು ಪೆನ್ನಿಗೂ ನಾನು ಮೊದಲು ಮಾಡುವ ಪರೀಕ್ಷೆ ಇದೇ. ಅದ್ದಿ ಬರೆದಾಗ ಗೆರೆ ಚೆನ್ನಾಗಿ ಬಂದರೆ ನಿಬ್ಬು ಆರೋಗ್ಯವಾಗಿದೆ, ತೊಂದರೆ ಇಂಕು ಬರುವ ದಾರಿಯಲ್ಲಿದೆ ಎಂದು ತಿಳಿಯಿತು. ಕೆರೆದರೆ ನಿಬ್ಬನ್ನು ನೋಡಬೇಕು. ಬರೆದಾದ ಮೇಲೆ ತುದಿಯನ್ನು ತಣ್ಣೀರಲ್ಲಿ ಅಲ್ಲಾಡಿಸಿ, ಹತ್ತಿ ಬಟ್ಟೆಯಲ್ಲಿ ಒತ್ತಿ ಒಣಗಿಸಿ.

ಈಗ ಒಂದೊಂದಾಗಿ ನೋಡೋಣ. ಅಜ್ಜನ ದಪ್ಪ ಪೆನ್ನಿನಿಂದ ಶುರುಮಾಡುತ್ತೇನೆ. ಮೂರರಲ್ಲಿ ನನಗೆ ಹೆಚ್ಚು ಆಸಕ್ತಿ ಅದರ ಮೇಲೆಯೇ.

ರಾಜಮಂಡ್ರಿ ಎಂದರೆ ರತ್ನಂ ಪೆನ್ನುಗಳ ಊರು. 1930ರ ದಶಕದಲ್ಲಿ, ಸ್ವದೇಶಿ ಕಾವು ಜೋರಾಗಿದ್ದ ಕಾಲದಲ್ಲಿ, ಅಲ್ಲಿ ಎಬೊನೈಟಿನ ಕಡ್ಡಿಯನ್ನು ಲೇತಿಗೆ ಕೊಟ್ಟು ಕೈಯಿಂದ ಪೆನ್ನು ತಯಾರಿಸತೊಡಗಿದರು. ಗಾಂಧೀಜಿ ಆ ಪೆನ್ನು ಬಳಸಿ ಮೆಚ್ಚಿ ಪತ್ರ ಬರೆದಿದ್ದರು. ಇವತ್ತಿಗೂ ಅಲ್ಲಿ ಕೈಯಿಂದ ಪೆನ್ನು ಮಾಡುವವರಿದ್ದಾರೆ. ನಿಮ್ಮದು ಅವರದೇ ತಯಾರಿಕೆಯೋ, ಅದೇ ಊರಿನ ಬೇರೆ ಅಂಗಡಿಯದೋ ಎಂದು ಆ ಮಾಸಿದ ಅಕ್ಷರಗಳಿಂದಲೇ ತಿಳಿಯಬೇಕು. ಅದಕ್ಕೇ ಆ ಜಾಗವನ್ನು ಉಜ್ಜಬೇಡಿ ಎಂದದ್ದು. ಬೆಳಕನ್ನು ಓರೆಯಾಗಿ ಬೀಳಿಸಿ ಫೋಟೊ ತೆಗೆದರೆ ಕಣ್ಣಿಗೆ ಕಾಣದ ಅಕ್ಷರವೂ ಎದ್ದು ಕಾಣುತ್ತದೆ.

ಎಬೊನೈಟ್ ಎಂದರೆ ರಬ್ಬರಿಗೆ ಹೆಚ್ಚು ಗಂಧಕ ಬೆರೆಸಿ ಗಂಟೆಗಟ್ಟಲೆ ಕಾಯಿಸಿ ಗಟ್ಟಿಮಾಡಿದ ವಸ್ತು. ಬೆಳಕು ಮತ್ತು ತೇವ ಎರಡೂ ಸೇರಿದಾಗ ಮೇಲ್ಮೈಯ ಗಂಧಕ ಕೆಟ್ಟು ಕಪ್ಪು ಬಣ್ಣ ಕಂದಾಗುತ್ತದೆ, ಹಸಿರಿಗೆ ತಿರುಗುತ್ತದೆ. ಇದು ಕೊಳೆಯಲ್ಲ, ತೊಳೆದರೆ ಹೋಗುವುದಿಲ್ಲ. ಕ್ಯಾಪು ತೆಗೆದು, ಬೆರಳಿಟ್ಟು ಹಿಡಿಯುವ ಭಾಗವನ್ನು ನೋಡಿ. ಅದನ್ನು ನಾನು ಕತ್ತು ಎನ್ನುತ್ತೇನೆ. ಕ್ಯಾಪಿನ ಮರೆಯಲ್ಲಿದ್ದದ್ದರಿಂದ ಅದು ಇನ್ನೂ ಕಪ್ಪಗಿರಬೇಕು, ಮತ್ತು ಕ್ಯಾಪಿನ ಅಂಚು ಕೂರುವ ಕಡೆ ಬಣ್ಣ ಬದಲಾದ ಗೆರೆ ಸ್ಪಷ್ಟವಾಗಿ ಕಾಣಬೇಕು. ಟ್ರಂಕಿನ ಕತ್ತಲಲ್ಲಿ ಹೀಗಾಗುವುದಿಲ್ಲ. ಕಿಟಕಿ ಪಕ್ಕದ ಡೆಸ್ಕಿನ ಮೇಲೆ, ಬೆವರು ಕೈಯಲ್ಲಿ, ವರ್ಷಾನುಗಟ್ಟಲೆ ದುಡಿದ ಪೆನ್ನಿಗೆ ಬರುವ ಬಣ್ಣ ಇದು. ಇಂಥ ಪೆನ್ನನ್ನು ಬಿಸಿನೀರಿಗೆ ಹಾಕಿದರೆ ಬಣ್ಣ ಇನ್ನಷ್ಟು ಕೆಟ್ಟು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಕೆಲವೇ ನಿಮಿಷದಲ್ಲಿ.

ಬಿಚ್ಚದಿರುವುದಕ್ಕೆ ಕಾರಣ ತಿರುಪಿನ ಎಳೆಗಳಲ್ಲಿ ಇಂಕು ಒಣಗಿ ಅಂಟಾಗಿರುವುದು. ಇದನ್ನು ನೀವೇ ಬಿಡಿಸಬಹುದು, ಆದರೆ ಹೊರಗಿನಿಂದಲ್ಲ. ಒಂದು ಸಣ್ಣ ಲೋಟದಲ್ಲಿ ತಣ್ಣೀರು ಹಾಕಿ, ನಿಬ್ಬು ಮತ್ತು ಕತ್ತಿನ ಅರ್ಧದಷ್ಟು ಮಾತ್ರ ಮುಳುಗುವಂತೆ ಪೆನ್ನು ನಿಲ್ಲಿಸಿ. ಕಂದು ತಿರುಗಿದ ಮೈಗೆ ನೀರು ಸೋಕಬಾರದು. ಬೀರುವಿನ ಒಳಗೆ, ಕತ್ತಲಲ್ಲಿ ಇಡಿ. ನಿಬ್ಬಿನ ಕೆಳಗಿರುವ ಗೀರು ಗೀರಿನ ಕಪ್ಪು ಭಾಗ, ಅಂದರೆ ನಾಲಿಗೆ, ನೀರನ್ನು ತಾನಾಗಿಯೇ ಮೇಲಕ್ಕೆಳೆದು ಒಳಗೆ ತಲುಪಿಸುತ್ತದೆ. ಇಂಕು ಇಳಿದು ಬರುವ ದಾರಿಯಲ್ಲೇ ನೀರು ಏರಿ ಹೋಗುತ್ತದೆ. ದಿನಕ್ಕೆ ಒಂದೆರಡು ಗಂಟೆ ಹೀಗಿಟ್ಟು ತೆಗೆದು ಒರೆಸಿ. ರಾತ್ರಿಯಿಡೀ ಬಿಡಬೇಡಿ, ನಿಬ್ಬು ಉಕ್ಕಿನದಾದರೆ ತುಕ್ಕು ಹಿಡಿಯುತ್ತದೆ. ಮೊದಲ ದಿನವೇ ನೀರು ನೀಲಿಯಾದರೆ ದಾರಿ ತೆರೆದಿದೆ ಎಂದು ಅರ್ಥ. ನಾಲ್ಕೈದು ದಿನದ ಮೇಲೆ ಎರಡು ಕೈಯಲ್ಲೂ ಹಳೇ ಸೈಕಲ್ ಟ್ಯೂಬಿನ ತುಂಡು ಹಿಡಿದು, ನಿಬ್ಬನ್ನು ಮುಟ್ಟದೆ, ಮೆಲ್ಲಗೆ ತಿರುಗಿಸಿ ನೋಡಿ. ಬಾರದಿದ್ದರೆ ಮತ್ತೆ ನೀರು. ಇಕ್ಕಳ ಯಾವ ಕಾರಣಕ್ಕೂ ಬೇಡ. ಹಳೇ ಎಬೊನೈಟ್ ಬಾಗುವುದಿಲ್ಲ, ನೇರವಾಗಿ ಸೀಳುತ್ತದೆ. ಎರಡು ವಾರವಾದರೂ ಜಗ್ಗದಿದ್ದರೆ ಬಿಟ್ಟುಬಿಡಿ. ಅಳೆದು ಕೊಡುವ ಒಣ ಬಿಸಿಯಿಂದ ಬಿಚ್ಚುವ ಕ್ರಮವಿದೆ, ಅದನ್ನು ಕೈ ಪಳಗಿದವರೇ ಮಾಡಬೇಕು.

ಬಿಚ್ಚಿತು ಅಂದುಕೊಳ್ಳಿ. ಒಳಗೆ ಟ್ಯೂಬ್ ಗೀಬ್ ಏನೂ ಇರುವುದಿಲ್ಲ. ಪೆನ್ನಿನ ಹೊಟ್ಟೆಗೇ ಫಿಲ್ಲರಿನಿಂದ ಇಂಕು ಬಿಡುವುದು. ಕೆಡುವ ಭಾಗಗಳೇ ಇಲ್ಲದ್ದರಿಂದ ಇಂಥ ಪೆನ್ನು ನೂರು ವರ್ಷ ಬಾಳುತ್ತದೆ. ಆದರೆ ಇದಕ್ಕೊಂದು ಗುಣವಿದೆ, ಇಂಕು ಕಕ್ಕುವುದು. ನಮ್ಮ ಅಜ್ಜಂದಿರ ಜೇಬಿನ ತಳದಲ್ಲಿ ನೀಲಿ ಕಲೆ ಇರುತ್ತಿದ್ದುದು ಇದರಿಂದಲೇ. ಹಲವರು ಪೆನ್ನು ಒಡೆದಿದೆ ಎಂದುಕೊಳ್ಳುತ್ತಾರೆ, ಹಾಗಲ್ಲ. ಹೊಟ್ಟೆಯಲ್ಲಿ ಇಂಕು ಕಡಿಮೆಯಾದಷ್ಟೂ ಗಾಳಿ ಹೆಚ್ಚು. ಕೈ ಬಿಸಿಗೆ ಆ ಗಾಳಿ ಹಿಗ್ಗಿ, ಉಳಿದ ಇಂಕನ್ನು ನಿಬ್ಬಿನ ಕಡೆಗೆ ತಳ್ಳುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಅಂಗಿ ಜೇಬಿನ ಬಿಸಿಯೇ ಸಾಕು. ಮದ್ದು ಸುಲಭ. ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿಯುವ ಮುಂಚೆ ತುಂಬಿಸಿಕೊಳ್ಳುವುದು, ತಿರುಪಿನ ಎಳೆಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚುವುದು. ವ್ಯಾಸಲೀನು, ತೆಂಗಿನೆಣ್ಣೆ ಹಚ್ಚಬೇಡಿ. ವ್ಯಾಸಲೀನು ಪೆಟ್ರೋಲಿಯಂ ಜಾತಿಯದು, ರಬ್ಬರಿಗೆ ಶತ್ರು.

ಬಣ್ಣ ಮತ್ತೆ ಕಪ್ಪು ಮಾಡಿಸಬೇಕೇ? ಮಾಡಬಹುದು. ಮೇಲ್ಪದರವನ್ನು ನಯವಾದ ಸಾಣೆ ಕಾಗದದಿಂದ ಉಜ್ಜಿ ತೆಗೆದರೆ ಅಡಿಯಲ್ಲಿ ಮಿರಮಿರ ಕಪ್ಪು ಬರುತ್ತದೆ. ಜೊತೆಗೆ ರಾಜಮಂಡ್ರಿ ಎಂಬ ಅಕ್ಷರವೂ ಹೋಗುತ್ತದೆ, ಅಜ್ಜನ ಬೆರಳು ಸವೆಸಿದ ಜಾಗವೂ ಹೋಗುತ್ತದೆ. ಹೊಸದರಂತೆ ಕಾಣುವ ಎಬೊನೈಟ್ ಪೆನ್ನು ಬೇಕಿದ್ದರೆ ಹೊಸದನ್ನೇ ಕೊಳ್ಳಬಹುದು, ಈಗಲೂ ತಯಾರಾಗುತ್ತವೆ. ನಿಮ್ಮದನ್ನು ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ ಹಾಗೇ ಇಟ್ಟುಕೊಳ್ಳಿ ಎಂದೇ ನನ್ನ ಸಲಹೆ. ಗಿರಾಕಿ ಒತ್ತಾಯಿಸಿದರೂ ಇಂಥ ಪೆನ್ನಿನ ಅಕ್ಷರದ ಜಾಗವನ್ನು ನಾನು ಮುಟ್ಟುವುದಿಲ್ಲ.

ಹಸಿರು ಪಟ್ಟೆಯ ಪೆನ್ನಿನ ವಿಷಯದಲ್ಲಿ ಒಂದೇ ಬಿನ್ನಹ. ಆ ಕಡ್ಡಿಯನ್ನು ಎತ್ತಬೇಡಿ. ಹೊಸದಾಗಿದ್ದಾಗ ಅದನ್ನು ಎತ್ತಿದರೆ ಒಳಗಿನ ಲೋಹದ ಪಟ್ಟಿ ರಬ್ಬರ್ ಟ್ಯೂಬನ್ನು ಅಮುಕುತ್ತಿತ್ತು. ಬಿಟ್ಟಾಗ ಟ್ಯೂಬ್ ಉಬ್ಬಿ ಇಂಕು ಹೀರಿಕೊಳ್ಳುತ್ತಿತ್ತು. ಈಗ ಆ ರಬ್ಬರು ಗಟ್ಟಿಯಾಗಿ ಪುಡಿಯಾಗಿದೆ, ನಿಮಗೆ ಕೇಳುವ ಸದ್ದು ಅದರ ಚೂರುಗಳದ್ದೇ. ಕೆಲವು ಚೂರು ಪಟ್ಟಿಗೆ ಅಂಟಿಕೊಂಡು ಕಲ್ಲಾಗಿರುತ್ತವೆ. ಬಲವಂತವಾಗಿ ಎತ್ತಿದರೆ ಕಡ್ಡಿ ಮುರಿಯುತ್ತದೆ, ಇಲ್ಲವೇ ಪೆನ್ನಿನ ಮೈ ಆ ಸೀಳಿನ ಉದ್ದಕ್ಕೂ ಬಿರಿಯುತ್ತದೆ. ಟ್ಯೂಬ್ ಹೋದರೆ ಹೊಸದು ಹಾಕಬಹುದು, ಮೈ ಬಿರಿದರೆ ಏನೂ ಮಾಡಲಾಗದು.

ದುರಸ್ತಿಯೇನೂ ಅಂಥ ದೊಡ್ಡದಲ್ಲ. ಕತ್ತನ್ನು ಹೊರಗೆಳೆದು, ಹಳೇ ರಬ್ಬರ್ ಕೆರೆದು ತೆಗೆದು, ಸರಿ ಅಳತೆಯ ಹೊಸ ಲೇಟೆಕ್ಸ್ ಟ್ಯೂಬನ್ನು ಅರಗಿನ ಅಂಟಿನಿಂದ ಕೂರಿಸಿ, ರಾತ್ರಿ ಒಣಗಲು ಬಿಟ್ಟು, ಮೇಲೆ ಟಾಲ್ಕ್ ಪುಡಿ ಸವರಿ ಜೋಡಿಸುವುದು. ಅರಗನ್ನೇ ಯಾಕೆ ಬಳಸುತ್ತೇವೆಂದರೆ ಸ್ವಲ್ಪ ಬಿಸಿ ಕೊಟ್ಟರೆ ಅದು ಬಿಡುತ್ತದೆ. ಮುಂದೆ ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಮತ್ತೆ ಟ್ಯೂಬ್ ಬದಲಿಸಬೇಕಾದಾಗ ಬಿಚ್ಚಲು ಬರಬೇಕಲ್ಲ. ಫೆವಿಕ್ವಿಕ್ ಹಾಕಿದ ಪೆನ್ನು ಇನ್ನೆಂದೂ ಬಿಚ್ಚುವುದಿಲ್ಲ, ಸೆಲ್ಯುಲಾಯ್ಡ್ ಮೇಲೆ ಅದರ ಬಿಳಿ ಮಂಜೂ ಕೂರುತ್ತದೆ. ಕಷ್ಟವಿರುವುದು ಕತ್ತು ಎಳೆಯುವಲ್ಲಿ. ಹೇರ್ ಡ್ರೈಯರಿನ ಹದವಾದ ಬಿಸಿ, ಕೈಗೆ ತಾಳುವಷ್ಟು, ಬೇಕಾಗುತ್ತದೆ. ಬಿಸಿ ಮೀರಿದರೆ ಸೆಲ್ಯುಲಾಯ್ಡ್ ಸೊಟ್ಟಗಾಗುತ್ತದೆ, ಬೆಂಕಿ ತಗುಲಿದರೆ ಭಗ್ಗೆಂದು ಉರಿಯುತ್ತದೆ. ಹಳೇ ಸಿನಿಮಾ ರೀಲುಗಳು ಹೊತ್ತಿಕೊಳ್ಳುತ್ತಿದ್ದುದೂ ಇದೇ ಸೆಲ್ಯುಲೋಸ್ ನೈಟ್ರೇಟಿನಿಂದ. ಗ್ಯಾಸ್ ಒಲೆ, ಮೇಣದಬತ್ತಿ, ಲೈಟರ್ ಯಾವುದೂ ಹತ್ತಿರ ಸುಳಿಯಬಾರದು. ಸ್ಪಿರಿಟ್, ನೇಲ್ ಪಾಲಿಶ್ ತೆಗೆಯುವ ದ್ರವ ಸೋಕಿದರೂ ಮೈ ಕರಗುತ್ತದೆ. ಮೊದಲ ಸಲ ಮಾಡುವವರು ಬೆಲೆಯಿಲ್ಲದ ಹಾಳು ಪೆನ್ನುಗಳ ಮೇಲೆ ಕೈ ಪಳಗಿಸಿಕೊಂಡು ಆಮೇಲೆ ಮನೆಯ ಪೆನ್ನಿಗೆ ಬರಬೇಕು. ನಿಮಗಿರುವುದು ಇದೊಂದೇ ಆದ್ದರಿಂದ ಇದನ್ನು ಬಲ್ಲವರಿಗೇ ಕೊಡಿ.

ಒಂದು ವಿಷಯ ಮಾತ್ರ ಈಗಲೇ ಪರೀಕ್ಷಿಸಿ. ಹಸಿರು ಮೈಯಲ್ಲಿ ಒಳಗಿಂದೊಳಗೆ ಸಣ್ಣ ಚೌಕ ಚೌಕ ಬಿರುಕು, ಅಂಟು, ಮೂಗಿಗೆ ಚುರುಕೆನ್ನುವ ಹುಳಿ ವಾಸನೆ, ಕ್ಲಿಪ್ಪಿನ ಮೇಲೆ ಹಸಿರು ಕಿಲುಬು ಇದ್ದರೆ ಸೆಲ್ಯುಲಾಯ್ಡ್ ಕೊಳೆಯುತ್ತಿದೆ. ಅದಕ್ಕೆ ಮದ್ದಿಲ್ಲ. ಅದರಿಂದ ಹೊರಡುವ ಆಮ್ಲದ ಆವಿ ಪಕ್ಕದ ಪೆನ್ನುಗಳನ್ನೂ ಕೆಡಿಸುತ್ತದೆ, ತಕ್ಷಣ ಬೇರೆ ಇಡಿ. ಈ ಯಾವ ಲಕ್ಷಣವೂ ಇಲ್ಲದಿದ್ದರೆ ನಿಶ್ಚಿಂತೆ.

ಪಾರ್ಕರ್ ವಿಷಯಕ್ಕೆ ಬರೋಣ. ನಿಬ್ಬು ಮುಚ್ಚಿಕೊಂಡು ತುದಿ ಮಾತ್ರ ಕಾಣುವ ಪಾರ್ಕರ್ ಎಂದರೆ ಬಹುಪಾಲು ಪಾರ್ಕರ್ 51. 1941ರಲ್ಲಿ ಮಾರುಕಟ್ಟೆಗೆ ಬಂದದ್ದು. ಮೊದಲು ಅದು ಪಾರ್ಕರ್ ಹೌದೇ ನೋಡಿ. ಅದೇ ರೂಪದ ಚೀನಾದ ಹೀರೊ ಪೆನ್ನುಗಳು ನಮ್ಮ ಮನೆಮನೆಯಲ್ಲೂ ಇದ್ದವು, ಬಾಣದ ಕ್ಲಿಪ್ಪು ಸಹಿತ. ಕ್ಯಾಪಿನ ಅಂಚಿನಲ್ಲಿ ಕೊರೆದ ಹೆಸರನ್ನು ಭೂತಗನ್ನಡಿ ಹಿಡಿದು ಓದಿ. ಆಮೇಲೆ ನಡುವಿನ ಲೋಹದ ಉಂಗುರದ ಹತ್ತಿರ ಹಿಂಭಾಗವನ್ನು ಮೆಲ್ಲಗೆ ತಿರುಗಿಸಿ ಬಿಚ್ಚಿ. ಒಳಗೆ ಬೆಳ್ಳಿ ಬಣ್ಣದ ಕೊಳವೆ, ಅದರ ಪಕ್ಕದಲ್ಲಿ ಒತ್ತುವ ಪಟ್ಟಿ, ತುಂಬಿಸುವ ಕ್ರಮ ಬರೆದ ಇಂಗ್ಲಿಷ್ ಅಕ್ಷರಗಳು ಕಂಡರೆ ನಿಮ್ಮ ಅದೃಷ್ಟ. ಅದು 1948ರಿಂದ ಬಂದ ಮಾದರಿ, ಒಳಗಿನ ಟ್ಯೂಬು ರಬ್ಬರಿನದಲ್ಲ, ಒಂದು ಬಗೆಯ ಪಾರದರ್ಶಕ ಪ್ಲಾಸ್ಟಿಕ್. ಅರವತ್ತು ಎಪ್ಪತ್ತು ವರ್ಷದ ಮೇಲೂ ಮೆತ್ತಗೆ ಕೆಲಸ ಮಾಡುವ ಟ್ಯೂಬುಗಳನ್ನು ನಾನು ಮೇಲಿಂದ ಮೇಲೆ ನೋಡುತ್ತೇನೆ. ಹಾಗಲ್ಲದೆ ಪೆನ್ನಿನ ಹಿಂತುದಿಯಲ್ಲಿ ಸಣ್ಣ ಟೋಪಿ ಬಿಚ್ಚಿ, ಅದರಡಿ ಒತ್ತುವ ಗುಂಡಿ ಸಿಕ್ಕರೆ ಅದು ಹಳೇ ಮಾದರಿ. ಒಳಗಿನ ರಬ್ಬರ್ ಪೊರೆ ಹೋಗಿರುತ್ತದೆ, ಬದಲಿಸಲು ಬೇರೆಯದೇ ಸಾಧನ ಬೇಕು. ಗುಂಡಿ ಒತ್ತದೆ ಬಿಟ್ಟುಬಿಡಿ.

ಒತ್ತುಪಟ್ಟಿಯ ಮಾದರಿಯಾಗಿದ್ದರೆ ನೀವು ಬರೆಯಬೇಕಾದ ಪೆನ್ನು ಇದೇ, ಮತ್ತು ಇದನ್ನು ಮನೆಯಲ್ಲೇ ಮಾಡಬಹುದು. ನಿಬ್ಬನ್ನು ತಣ್ಣೀರಲ್ಲಿ ಅದ್ದಿ ಪಟ್ಟಿಯನ್ನು ಆರೆಂಟು ಸಲ ನಿಧಾನವಾಗಿ ಒತ್ತಿ ಬಿಡಿ. ಗುಳ್ಳೆ ಬಂದರೆ ಟ್ಯೂಬ್ ಜೀವಂತ. ನೀರು ಹೀರಿಸಿ, ಚೆಲ್ಲಿ, ಮತ್ತೆ ಹೀರಿಸಿ. ಲೋಟ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದೇ ಹನಿ ಬೆರೆಸಬಹುದು, ಆಮೇಲೆ ಬರೀ ನೀರಲ್ಲಿ ತೊಳೆಯಿರಿ. ಇದಿಷ್ಟಕ್ಕೇ ಮುಗಿಯುವುದಿಲ್ಲ. ನಿಬ್ಬಿನ ಮುಸುಕಿನ ಒಳಗೆ, ಹೆಚ್ಚಾದ ಇಂಕನ್ನು ಹಿಡಿದಿಡಲು ಬಾಚಣಿಗೆಯ ಹಲ್ಲಿನಂಥ ಒತ್ತೊತ್ತಾದ ಭಾಗವಿದೆ. ಒಣಗಿದ ಇಂಕಿನ ಬಹುಪಾಲು ಅಡಗಿರುವುದು ಅಲ್ಲಿ. ಪೆನ್ನಿಗೆ ನೀರು ತುಂಬಿ, ನಿಬ್ಬಿಗೆ ಟಿಶ್ಯೂ ಕಾಗದ ಸುತ್ತಿ, ಲೋಟದಲ್ಲಿ ನಿಬ್ಬು ಕೆಳಗೆ ಮಾಡಿ ರಾತ್ರಿ ನಿಲ್ಲಿಸಿ. ಬೆಳಿಗ್ಗೆ ಕಾಗದ ಕಡುನೀಲಿ ಆಗಿರುತ್ತದೆ. ಮಾರನೆಯ ರಾತ್ರಿ ಮತ್ತೆ. ಕಾಗದ ಬಿಳಿಯಾಗಿಯೇ ಉಳಿಯುವ ತನಕ ಬಿಡದೆ ಮಾಡಿ. ವಾರ ಹತ್ತು ದಿನ ಹಿಡಿಯಬಹುದು. ಮುಸುಕನ್ನು ಬಿಚ್ಚಿ ಒಳಗೆ ನೋಡುವ ಆಸೆ ಬರುತ್ತದೆ, ಬೇಡ. ಅದು ಅರಗಿನಿಂದ ಅಂಟಿದೆ. ತಪ್ಪಿ ಬಿಚ್ಚಿದರೆ ಮುಸುಕು ಸೀಳುತ್ತದೆ, ಒಳಗಿನ ಹಲ್ಲು ಮುರಿಯುತ್ತದೆ.

ನೀರಿನ ಬಗ್ಗೆ ಒಂದು ಮಾತು. ನಮ್ಮ ಎರಡೂ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರು ಗಡಸು, ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರ ನೋಡಿದ್ದೀರಲ್ಲ. ಅದೇ ಸುಣ್ಣ ನಾಲಿಗೆಯ ಗೀರುಗಳಲ್ಲಿ ಕೂತರೆ ತೆಗೆಯುವುದು ಕಷ್ಟ. ಪೆಟ್ರೋಲ್ ಬಂಕಿನಲ್ಲಿ, ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದಿಟ್ಟುಕೊಳ್ಳಿ, ಅದು ಆಗದಿದ್ದರೆ ಫಿಲ್ಟರ್ ನೀರು.

ಈಗ ಅಪ್ಪಾಜಿ ಹೇಳುತ್ತಿದ್ದ ಮಾತು. ಒಬ್ಬರ ನಿಬ್ಬಿನಲ್ಲಿ ಇನ್ನೊಬ್ಬರು ಬರೆದರೆ ಕೆಡುತ್ತದೆ ಎನ್ನುವುದರಲ್ಲಿ ಅರ್ಧ ನಿಜವಿದೆ. ಚಿನ್ನದ ನಿಬ್ಬು ಕೈಗೆ ತಕ್ಕಂತೆ ಬಗ್ಗುತ್ತದೆ ಎನ್ನುವುದು ಸುಳ್ಳು. ಕಾಗದವನ್ನು ಮುಟ್ಟುವುದು ಚಿನ್ನವಲ್ಲ, ತುದಿಗೆ ಬೆಸೆದ ಬಲು ಗಟ್ಟಿ ಲೋಹದ ತೀರ ಸಣ್ಣ ಗುಂಡು. ಅದು ಸವೆಯುತ್ತದೆ, ಆದರೆ ವರ್ಷಗಟ್ಟಲೆ ಬರೆದ ಮೇಲೆ. ಒಬ್ಬನೇ ಮನುಷ್ಯ ಒಂದೇ ಓರೆಯಲ್ಲಿ ಹಿಡಿದು ದಿನವಿಡೀ ಖತಾವಣಿ ಬರೆದರೆ ಆ ಗುಂಡಿನಲ್ಲಿ ಸಣ್ಣ ಚಪ್ಪಟೆ ಮುಖ ಮೂಡುತ್ತದೆ. ಹತ್ತುಪಟ್ಟು ದೊಡ್ಡದು ಮಾಡುವ ವಾಚ್ ರಿಪೇರಿಯವರ ಕಣ್ಣುಗನ್ನಡಿಯಲ್ಲಿ ಅದು ಹೊಳೆಯುವುದು ಕಾಣುತ್ತದೆ. ನೀವು ಬೇರೆ ಓರೆಯಲ್ಲಿ ಹಿಡಿದರೆ ಆ ಮುಖದ ಅಂಚು ಕಾಗದ ಕೆರೆಯುತ್ತದೆ. ಅಷ್ಟಕ್ಕೆ ನಿಬ್ಬು ಕೆಟ್ಟಿತು ಎನ್ನಬೇಡಿ. ಬರೆಯುತ್ತ ಪೆನ್ನನ್ನು ಬೆರಳುಗಳ ನಡುವೆ ಕೂದಲೆಳೆಯಷ್ಟು ಎಡಕ್ಕೆ, ಬಲಕ್ಕೆ ಹೊರಳಿಸಿ, ಹಿಂಭಾಗವನ್ನು ತುಸು ಎತ್ತಿ ಇಳಿಸಿ ನೋಡಿ. ಒಂದು ಕಡೆ ಒಮ್ಮೆಗೇ ಜಾರತೊಡಗುತ್ತದೆ. ಅದು ನಿಮ್ಮಜ್ಜ ಪೆನ್ನು ಹಿಡಿಯುತ್ತಿದ್ದ ಓರೆ.

ಅದಕ್ಕೇ ಹೇಳುತ್ತೇನೆ, ನಿಬ್ಬನ್ನು ಉಜ್ಜಿಸಬೇಡಿ. ನಯ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಸಾಣೆ ಕಾಗದದ ಮೇಲೆ ನಾಲ್ಕು ಸಲ ಎಳೆದರೆ ಆ ಮುಖ ಅಳಿಸಿಹೋಗುತ್ತದೆ, ಹತ್ತು ಸಲ ಎಳೆದರೆ ಗುಂಡೇ ತೀರುತ್ತದೆ. ಮತ್ತೆ ಗುಂಡು ಬೆಸೆಯುವವರು ಪ್ರಪಂಚದಲ್ಲೇ ಕೆಲವರು. ನಿಜವಾಗಿ ಕೆರೆತಕ್ಕೆ ಹೆಚ್ಚಿನ ಸಲ ಕಾರಣ ಸವೆತವಲ್ಲ, ಯಾವಾಗಲೋ ಬಿದ್ದು ಸೀಳಿನ ಎರಡು ಎಲೆಗಳಲ್ಲಿ ಒಂದು ಮೇಲೆ ಒಂದು ಕೆಳಗೆ ಆಗಿರುವುದು. ಅದನ್ನು ಉಗುರಿನಿಂದಲೇ ಸರಿಸಿ ಸಮ ಮಾಡಬಹುದು. ಯಾವ ಲೋಹವೂ ಸವೆಯಬೇಕಿಲ್ಲ. ಬ್ಲೇಡು ತೂರಿಸಿ ಸೀಳು ಅಗಲಿಸುವ ಅಭ್ಯಾಸ ಶಾಲೆಯ ದಿನಗಳಿಂದ ನಮಗೆಲ್ಲ ಇದೆ. ಅದೂ ಬೇಡ.

ಚಿನ್ನದ ಅಂಗಡಿಯವರ ಮಾತಿಗೆ ಬಂದರೆ, ಪಾರ್ಕರ್ 51ರ ನಿಬ್ಬು ಸಾಮಾನ್ಯವಾಗಿ 14 ಕ್ಯಾರಟ್, ಅಂದರೆ ನೂರಕ್ಕೆ 58.5 ಪಾಲು ಚಿನ್ನ. ತೂಕ ಅರ್ಧ ಗ್ರಾಮಿನ ಒಳಗೇ. ಅಷ್ಟು ಚಿನ್ನಕ್ಕಾಗಿ ಕೀಳಿಸಿದರೆ ಆ ಪೆನ್ನು ಇನ್ನೆಂದೂ ಬರೆಯುವುದಿಲ್ಲ. ಬೇರೆ ಎರಡು ನಿಬ್ಬುಗಳ ಮೇಲೆ 14 ಎಂಬ ಅಂಕಿ ಇದ್ದರೂ ಚಿನ್ನದ ನೀರು ಕುಡಿಸಿದ ಉಕ್ಕು ಇರಬಹುದು, ಆ ಕಾಲದಲ್ಲಿ ಅಂಥವು ಧಾರಾಳವಾಗಿದ್ದವು. ತಮ್ಮನಿಗೆ ಇದನ್ನೂ ಹೇಳಿ: ಪಾರ್ಕರ್ 51 ಕೋಟಿಯ ಲೆಕ್ಕದಲ್ಲಿ ತಯಾರಾದ ಪೆನ್ನು. ಒಳ್ಳೆಯದು, ಆದರೆ ಅಪರೂಪದ್ದಲ್ಲ, ಮಾಮೂಲಿ ಬಣ್ಣದ್ದಕ್ಕೆ ಲಕ್ಷ ಯಾರೂ ಕೊಡುವುದಿಲ್ಲ. ಅಪ್ಪಾಜಿ ಮುಟ್ಟಗೊಡದಿದ್ದುದಕ್ಕೂ ಅರ್ಥವಿದೆ. ಆಮದಿನ ಮೇಲೆ ಬಿಗಿ ನಿರ್ಬಂಧವಿದ್ದ ಆ ದಶಕಗಳಲ್ಲಿ ಪಾರ್ಕರ್ ಕೈಗೆ ಸಿಗುವುದೇ ದುಸ್ತರವಾಗಿತ್ತು. ಕಳೆದರೆ ಇನ್ನೊಂದು ಬರುತ್ತಿರಲಿಲ್ಲ.

ಹೊಳಪು ಕೊಡುವ ವಿಚಾರದಲ್ಲಿ ನಮ್ಮ ಮನೆಮದ್ದುಗಳೇ ಅಪಾಯ. ಹಿತ್ತಾಳೆಗೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ, ಎಲ್ಲದಕ್ಕೂ ಟೂತ್‌ಪೇಸ್ಟು. ಪೆನ್ನಿನ ಕ್ಲಿಪ್ಪು, ಉಂಗುರಗಳ ಮೇಲಿನ ಚಿನ್ನದ ಲೇಪ ಬಲು ತೆಳು. ಒಂದೇ ಸಲಕ್ಕೆ ಕೆಳಗಿನ ಹಿತ್ತಾಳೆ ಇಣುಕುತ್ತದೆ. ಒದ್ದೆ ಮಾಡಿ ಹಿಂಡಿದ ಬಟ್ಟೆ, ಆಮೇಲೆ ಒಣ ಬಟ್ಟೆ, ಇಷ್ಟು ಸಾಕು.

ಇಂಕು ರಾಯಲ್ ಬ್ಲೂ ತರಹದ, ಬಟ್ಟೆ ಮೇಲೆ ಬಿದ್ದರೆ ತೊಳೆದು ಹೋಗುವಂಥದ್ದು ಇರಲಿ. ಕ್ಯಾಮ್ಲಿನ್, ಪಾರ್ಕರ್ ಕ್ವಿಂಕ್ ಯಾವುದಾದರೂ ಸರಿ. ಚಿತ್ರ ಬರೆಯುವ ಇಂಡಿಯನ್ ಇಂಕ್ ಎಂದಿಗೂ ತುಂಬಬೇಡಿ, ಒಣಗಿದ ಮೇಲೆ ಅದು ನೀರಿಗೆ ಕರಗದು. ನಮ್ಮ ಬಯಲುಸೀಮೆಯ ಒಣ ಹವೆಗೆ ಬೇಸಿಗೆಯಲ್ಲಿ ಇಂಕಿನ ನೀರು ಬೇಗ ಆರಿ ಉಳಿದದ್ದು ಮಂದವಾಗುತ್ತದೆ. ಹದಿನೈದು ದಿನ ಬರೆಯುವುದಿಲ್ಲ ಎಂದಾದರೆ ತೊಳೆದಿಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮೂರರಲ್ಲಿ ಯಾವುದನ್ನೂ ಬಿಡಬೇಡಿ.

ಇಡುವ ಜಾಗವೂ ಮುಖ್ಯ. ಮೂರನ್ನೂ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡುವುದು ತಪ್ಪು. ಎಬೊನೈಟಿನ ಗಂಧಕದ ಆವಿ ಪಕ್ಕದ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಸೆಲ್ಯುಲಾಯ್ಡಿನ ಬಣ್ಣ ಕೆಡಿಸುತ್ತದೆ. ಸೆಲ್ಯುಲಾಯ್ಡಿಗೆ ಗಾಳಿಯಾಡಬೇಕು. ಒಂದೊಂದಕ್ಕೂ ಹತ್ತಿ ಬಟ್ಟೆಯ ಚೀಲ ಹೊಲಿದು, ಬೀರುವಿನಲ್ಲಿ ಬೇರೆ ಬೇರೆ ಇಡಿ. ಟ್ರಂಕಿಗೆ, ನುಸಿಗುಳಿಗೆಯ ಪಕ್ಕಕ್ಕೆ ವಾಪಸ್ ಕಳಿಸಬೇಡಿ. ಅದರ ಆವಿಗೆ ಕೆಲವು ಪ್ಲಾಸ್ಟಿಕ್ಕುಗಳು ಮೆದುವಾಗುತ್ತವೆ.

ಹಸಿರು ಪೆನ್ನನ್ನು ದುರಸ್ತಿಗೆ ಕೊಡುವಾಗ, ನನಗಾಗಲಿ ಬೇರೆಯವರಿಗಾಗಲಿ, ಮೂರು ಮಾತು ಮೊದಲೇ ಕೇಳಿ. ಟ್ಯೂಬನ್ನು ಯಾವುದರಿಂದ ಅಂಟಿಸುತ್ತೀರಿ? ನಿಬ್ಬನ್ನು ಉಜ್ಜುತ್ತೀರಾ? ತೆಗೆದ ಹಳೇ ಭಾಗಗಳನ್ನು ವಾಪಸ್ ಕೊಡುತ್ತೀರಾ? ಮೊದಲನೆಯದಕ್ಕೆ ಅರಗು ಎಂಬ ಉತ್ತರ ಬರಬೇಕು, ಎರಡನೆಯದಕ್ಕೆ ಇಲ್ಲ ಎಂದು, ಮೂರನೆಯದಕ್ಕೆ ಹೌದು ಎಂದು. ಉತ್ತರ ತಡವರಿಸಿದರೆ ಪೆನ್ನನ್ನು ಜೇಬಿಗಿಟ್ಟುಕೊಂಡು ಬನ್ನಿ. ದುರಸ್ತಿಯ ಖರ್ಚು ಆ ಪೆನ್ನಿನ ಮಾರುಕಟ್ಟೆ ಬೆಲೆಗಿಂತ ಹೆಚ್ಚಾಗಬಹುದು, ಅದನ್ನೂ ಮೊದಲೇ ಕೇಳಿ ತಿಳಿದುಕೊಳ್ಳಿ. ಪಾರ್ಸೆಲ್ ಕಳಿಸುವುದಾದರೆ ಇಂಕು, ನೀರು ಪೂರ್ತಿ ಒಣಗಿರಲಿ. ಬಟ್ಟೆ ಸುತ್ತಿ, ಪ್ಲಂಬಿಂಗ್ ಪೈಪಿನ ಗೇಣುದ್ದದ ತುಂಡಿನಲ್ಲಿ ಅಲ್ಲಾಡದಂತೆ ತೂರಿಸಿ, ಎರಡೂ ಬಾಯಿಗೆ ಹತ್ತಿ ತುಂಬಿ ಟೇಪ್ ಹಚ್ಚಿ, ಆ ಪೈಪನ್ನು ಡಬ್ಬಿಯಲ್ಲಿಡಿ. ಬರೀ ಕವರಿನಲ್ಲಿ ಹಾಕಿದ ಪೆನ್ನು ಅಂಚೆಯಲ್ಲಿ ಎರಡು ತುಂಡಾಗಿ ಬಂದದ್ದನ್ನು ನೋಡಿದ್ದೇನೆ. ಅಲ್ಲಿಯ ತನಕ ಪಾರ್ಕರಿನ ಟಿಶ್ಯೂ ಕಾಗದ ಬಿಳಿಯಾಗಲಿ, ಅಜ್ಜನ ಪೆನ್ನಿಗೆ ದಿನಕ್ಕೊಮ್ಮೆ ನೀರು ತೋರಿಸಿ.